ಅಮ್ಮನ ಬೆರಳಚ್ಚು

ನಾನು ಸುಳ್ಳುಗಾರನಲ್ಲ. ನಿಜಕ್ಕೆ ಸ್ವಲ್ಪ ಇಸ್ತ್ರಿ ಹಾಕಿ, ಸುಕ್ಕು ತೆಗೆದು ಹೇಳುವವನು, ಅಷ್ಟೆ. ಮದುವೆಗೆ ಮೊದಲು ಸ್ಮಿತಾ "ನಿಮ್ಮಮ್ಮ ಏನ್ ಮಾಡ್ತಾರೆ?" ಎಂದು ಕೇಳಿದಾಗ "ಮನೇಲೇ ಇರ್ತಾರೆ" ಎಂದಿದ್ದೆ. ಇದರಲ್ಲಿ ಸುಳ್ಳೆಲ್ಲಿ ಬಂತು? ಸುರತ್ಕಲ್ಲಿನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಮಡಿಲ ಮೇಲೆ ಗೆರಸೆ ಇಟ್ಟುಕೊಂಡು ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದ್ದು ಮನೆಯಲ್ಲೇ. ಮದುವೆಯಾದ ಮೇಲೆ ಸ್ಮಿತಾಗೆ ನಿಜ ಗೊತ್ತಾಯಿತು, ಅವಳೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅಮೆರಿಕದಲ್ಲಿ, ಸೊರೆಂಟೊ ವ್ಯಾಲಿಯ ನನ್ನ ಆಫೀಸಿನ ಕನ್ನಡಿಗರ ಮುಂದೆ ಮಾತ್ರ ನನ್ನ ಇಸ್ತ್ರಿ ಕೊಂಚ ಹೆಚ್ಚೇ ಬಿಸಿಯಾಗಿ, ಅದು "ಫ್ಯಾಮಿಲಿ ಬಿಸಿನೆಸ್" ಆಗಿಹೋಗಿತ್ತು. ಯಾವ ಬಿಸಿನೆಸ್ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಎಲೆಯ ವ್ಯಾಪಾರ ಎನ್ನುತ್ತಿದ್ದೆನೋ ಏನೋ.

ನಾನು ಇಲ್ಲಿಯ ಪ್ರಜೆಯಾದ ಮೇಲೆ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ ಸ್ಯಾನ್ ಡಿಯಾಗೋಗೆ ಕರೆಸಿಕೊಂಡೆ. ಎರಡು ವರ್ಷ ಎಲ್ಲವೂ ಸರಿಯಾಗಿತ್ತು. ಆಮೇಲೆ ಊರಿನಿಂದ ಫೋನ್ ಬಂತು. ಅಮ್ಮನ ತಂಗಿ ಜಲಜ ಚಿಕ್ಕಮ್ಮನ ಎರಡೂ ಕಿಡ್ನಿ ಕೆಟ್ಟಿವೆ, ವಾರಕ್ಕೆ ಮೂರು ದಿನ ಡಯಾಲಿಸಿಸ್, ಕರೆದುಕೊಂಡು ಹೋಗುವವರಿಲ್ಲ. ಅಮ್ಮ ಫೋನಿಟ್ಟವಳೇ "ನಾನು ಹೋಗ್ತೇನೆ. ವರ್ಷವೋ ಎರಡು ವರ್ಷವೋ, ಅವಳ ಒಟ್ಟಿಗೆ ಇರ್ತೇನೆ" ಎಂದಳು. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಚಿಕ್ಕಮ್ಮನ ಕಿಡ್ನಿಯಲ್ಲ, ಮಧ್ಯಾಹ್ನ ಎರಡೂಮುಕ್ಕಾಲಿಗೆ ನನ್ನ ಮಗಳು ಅನ್ವಿತಾಳನ್ನು ಸ್ಕೂಲಿನಿಂದ ಕರೆತರುವವರು ಯಾರು ಎಂಬ ಪ್ರಶ್ನೆ. ಇದನ್ನು ಹೆಮ್ಮೆಯಿಂದೇನೂ ಹೇಳುತ್ತಿಲ್ಲ.

ಗ್ರೀನ್ ಕಾರ್ಡಿನವರು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ವಾಪಸು ಬರಲು ಬರೀ ಕಾರ್ಡ್ ಸಾಲದು. ರೀ-ಎಂಟ್ರಿ ಪರ್ಮಿಟ್ ಎಂಬ ಪುಸ್ತಕ ಬೇಕು. ಇಲ್ಲಿರುವಾಗಲೇ ಅಪ್ಲೈ ಮಾಡಬೇಕು, ಬೆರಳಚ್ಚು ಕೊಡಬೇಕು. ಅಮ್ಮ ವಾಪಸು ಬರಲೇಬೇಕೆಂದು ಅಮ್ಮನಿಗಿಂತ ನನಗೇ ಆತುರವಿದ್ದುದರಿಂದ ಫಾರ್ಮನ್ನು ನಾನೇ ತುಂಬಿಸಿ ಸಹಿ ಮಾತ್ರ ಹಾಕಿಸಿಕೊಂಡೆ.

ಬೆರಳಚ್ಚಿನ ಆಫೀಸಿನಲ್ಲಿ ಅಮ್ಮನ ಬೆರಳನ್ನು ಗಾಜಿನ ಮೇಲೆ ಇಡಿಸಿದರು. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಡಿಸಿದರು, ಒತ್ತಿ ಇಡಿಸಿದರು. ಹತ್ತು ಬೆರಳಲ್ಲಿ ಎಂಟಕ್ಕೆ ಗೆರೆಯೇ ಇಲ್ಲ! ಎಲೆ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಎಲ್ಲ ಸವೆದುಹೋಗಿತ್ತು. ಎರಡು ವಾರ ಬಿಟ್ಟು ಮತ್ತೆ ಬನ್ನಿ ಎಂದರು.

ಆ ಎರಡು ವಾರ ನಾನು ಅಮ್ಮನಿಗೆ ಪಾತ್ರೆ ಮುಟ್ಟಗೊಡಲಿಲ್ಲ. ದಿನಕ್ಕೆ ಮೂರು ಸಲ ಬೆರಳಿಗೆ ವ್ಯಾಸಲೀನ್, ಮಲಗುವಾಗ ಕೈಗವಸು. "ಇದೆಂತ ಮಾರಾಯ, ಮದುಮಗಳಿಗೂ ಇಷ್ಟು ಮಾಡಿರಲಿಲ್ಲ" ಎಂದು ಅಮ್ಮ ನಕ್ಕಳು. ಪಾತ್ರೆಯೆಲ್ಲ ನನ್ನ ಪಾಲಿಗೆ ಬಂದದ್ದರಿಂದ ನನಗೆ ನಗು ಬರಲಿಲ್ಲ.

ಎರಡನೆಯ ಸಲ ಅನ್ವಿತಾಳೂ ಜೊತೆಗಿದ್ದಳು. ಮತ್ತೆ ಕೆಂಪು ದೀಪ. ಅಲ್ಲಿದ್ದ ಹೆಂಗಸು ನನ್ನ ಕಡೆ ತಿರುಗಿ, ಇವರು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಳು. "ಗೃಹಿಣಿ. ತೋಟದ ಕೆಲಸ ಬಹಳ ಇಷ್ಟ" ಎಂದೆ ಇಂಗ್ಲಿಷಿನಲ್ಲಿ. ಒಂದು ಕುಂಡಕ್ಕೂ ನೀರು ಹಾಕಿ ಗೊತ್ತಿಲ್ಲದ ಅಮ್ಮ ನನ್ನ ಮುಖ ನೋಡಿದಳು. ನೋಡಿ, ಆ ಹೆಂಗಸಿನ ಎದುರು ಎರಡೂ ಕೈ ಎತ್ತಿ, ಇಲ್ಲದ ಎಲೆಯೊಂದನ್ನು ಇಲ್ಲದ ಹೊಗೆಸೊಪ್ಪಿನ ಮೇಲೆ ಸರಸರನೆ ಸುತ್ತಿ, ನೂಲು ಕಟ್ಟಿ ತೋರಿಸಿ "ಬೀಡಿ" ಎಂದಳು.

ನಾನು ನೆಲ ನೋಡಿದೆ. ಆ ಹೆಂಗಸು "ಓಕೆ" ಎಂದು, ಅಚ್ಚು ಸರಿಯಾಗಿ ಮೂಡಿಲ್ಲ ಎಂಬಲ್ಲಿ ಗುರುತು ಹಾಕಿ ಮುಂದಿನವರನ್ನು ಕರೆದಳು. ಇಷ್ಟು ವರ್ಷ ನಾನು ಬಚ್ಚಿಟ್ಟ ಗುಟ್ಟನ್ನು ಬರೆದುಕೊಳ್ಳಲು ಆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಕಾರಿನಲ್ಲಿ ಅನ್ವಿತಾ "ವಾಟ್ಸ್ ಬೀಡಿ?" ಎಂದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮನೇ ಹೇಳಿದಳು, "ಸಿಗರೇಟಿನ ಹಾಗೆ ಮಗಾ. ದಿನಕ್ಕೆ ಸಾವಿರ ಕಟ್ಟುತ್ತಿದ್ದೆ."

"ಅಜ್ಜಿ! ದಟ್ ಗಿವ್ಸ್ ಯೂ ಕ್ಯಾನ್ಸರ್!"

"ಕೆಲವರಿಗೆ ಕ್ಯಾನ್ಸರ್ ಬಂತು. ನಿನ್ನ ಅಪ್ಪನಿಗೆ ಇಂಜಿನಿಯರಿಂಗ್ ಬಂತು."

ಮುಂದಿನ ವಾರ ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿಕೊಂಡು ಹೋಗಿ ಅಮ್ಮನನ್ನು ವಿಮಾನ ಹತ್ತಿಸಿ ಬಂದೆ. ಮೂರು ತಿಂಗಳಿಗೆ, ನನ್ನ ಆಶ್ಚರ್ಯಕ್ಕೆ, ಪರ್ಮಿಟ್ ಬಂದೇ ಬಂತು. ಕೊರಿಯರ್ ಮಾಡಿದೆ. ಎರಡು ವರ್ಷದ ಅವಧಿ. ಚಿಕ್ಕಮ್ಮ ಅದರಲ್ಲಿ ಹತ್ತೊಂಬತ್ತು ತಿಂಗಳು ಬದುಕಿದಳು. ತಿಥಿಯೆಲ್ಲ ಮುಗಿಯಲಿ ಎಂದು ಕಾದು ಫೋನ್ ಮಾಡಿ, ಅವಧಿ ಮುಗಿಯುವುದರೊಳಗೆ ಬಂದುಬಿಡು, ಟಿಕೆಟ್ ಮಾಡಿಸುತ್ತೇನೆ ಎಂದೆ.

"ಬೇಡ" ಎಂದಳು ಅಮ್ಮ. "ಕಾರ್ಡ್ ವಾಪಸು ಕೊಡ್ಲಿಕ್ಕೆ ಎಂತದೋ ಫಾರ್ಮ್ ಉಂಟಂತಲ್ಲ, ಅದನ್ನು ಕಳಿಸು."

"ಯಾಕಮ್ಮ? ಇಲ್ಲಿ ನಿಂಗೆ ಏನು ಕಡಿಮೆಯಾಗಿತ್ತು?"

"ಕಡಿಮೆ ಎಂತದೂ ಇಲ್ಲ. ನೀನು ಯಾರ ಹತ್ತಿರ ನನ್ನ ಬಗ್ಗೆ ಎಂತ ಹೇಳಿದ್ದೀ ಅಂತ ನೆನಪಿಟ್ಟುಕೊಳ್ಳಲಿಕ್ಕೆ ಈ ಪ್ರಾಯದಲ್ಲಿ ನನ್ನಿಂದ ಆಗುವುದಿಲ್ಲ."

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಪಾರ್ಟಿಗಳಲ್ಲಿ ಅವಳು ಮಾತಾಡದೆ ಮೂಲೆಯಲ್ಲಿ ಕೂತಿರುತ್ತಿದ್ದುದನ್ನು ನಾನು ಸಂಕೋಚ ಎಂದುಕೊಂಡಿದ್ದೆ. ಅವಳು ಅಲ್ಲಿ ನನ್ನ ಮಾನ ಕಾಯುತ್ತಿದ್ದಳು. ಫಾರ್ಮ್ ಕಳಿಸಿದೆ.

ಮೊನ್ನೆ ಇಲ್ಲೇ ಹತ್ತಿರದ ಡೆಲ್ ಮಾರ್‌ನಲ್ಲಿ ಉಡುಪಿ ಕಡೆಯ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಸಮುದ್ರಕ್ಕೆ ಮುಖ ಮಾಡಿದ ಮನೆ, ಚಳಿಯೂ ಇಲ್ಲ, ಸೆಕೆಯೂ ಇಲ್ಲ. ಇಂಥ ಹವೆಗೆಂದೇ ಜನ ಇಡೀ ದೇಶದಿಂದ ಬಂದು ಇಲ್ಲಿ ಬೀಳುತ್ತಾರೆ. ಮನೆಯಾಕೆ ಬಡಿಸುತ್ತಾ "ನಿಮ್ಮಮ್ಮ ಯಾಕೆ ಮತ್ತೆ ಬರಲೇ ಇಲ್ಲ?" ಎಂದು ಕೇಳಿದರು. ಒಂದು ಕ್ಷಣ, ಒಂದೇ ಒಂದು ಕ್ಷಣ, ನಿಜ ಹೇಳಿಬಿಡೋಣ ಅನಿಸಿತು.

"ಅಮ್ಮನಿಗೆ ಇಲ್ಲಿಯ ಹವೆ ಒಗ್ಗಲಿಲ್ಲ" ಎಂದೆ.