ಬೇರೇನಾದರೂ ತೊಂದರೆ ಇದೆಯೇ?

ಸಮಾಧಾನರಾಯರ ಭಾನುವಾರದ ನಿದ್ದೆಗೆ ಕಲ್ಲು ಬಿದ್ದದ್ದು ಅವರ ಬಾಯಿಂದಲೇ.

ಸಮಾಧಾನರಾಯ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು (ಹೆಂಡತಿ ಕೇಳಿದರೆ ಬಿದ್ದು ಬಿದ್ದು ನಗುತ್ತಾಳೆ). ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ಫೋನಿನಲ್ಲಿ ದೂರು ಕೇಳುವುದು ಅವರ ಉದ್ಯೋಗ. ಯಾರು ಎಷ್ಟೇ ಬೈಯಲಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಾರೆ. ಅದಕ್ಕೇ ಸಂಬಳ. ಮನೆಗೆ ಬಂದರೆ ಮೌನವ್ರತ. ಅವರ ತಾಯಿಯ ಮಂಡಿನೋವು, ತಂಗಿಯ ಮುನಿಸು, ದೊಡ್ಡಪ್ಪನ ಮೂಗಿನ ತುದಿಯ ಕೋಪ ಎಲ್ಲವನ್ನೂ ಫೋನಿನಲ್ಲಿ ಸಂಭಾಳಿಸುವುದು ಹೆಂಡತಿಯ ಪಾಲು. ಅವಳೂ ವಾರವೆಲ್ಲ ಔಷಧದಂಗಡಿಯಲ್ಲಿ ನಿಂತು ದುಡಿಯುವವಳೇ.

"ಇವತ್ತು ನಿಮ್ಮಮ್ಮಂಗೆ ನೀವೇ ಫೋನ್ ಮಾಡ್ರೀ, ನಂಗೆ ಸುಸ್ತು," ಎಂದಳು.

"ಹೂಂ ಹೂಂ ಅನ್ನೋಕೆ ಸುಸ್ತೇನೇ? ಹತ್ತು ನಿಮಿಷದಲ್ಲಿ ಮುಗಿಸಿ ಮಲಗ್ತೀನಿ, ನೋಡ್ತಿರು!"

"ನೋಡಲ್ಲ, ನಾನೂ ಮಲಗ್ತೀನಿ," ಎಂದು ಅವಳು ಹೋಗಿ ಅಡ್ಡಾದಳು.

ತಾಯಿ ಫೋನ್ ಎತ್ತಿದ್ದೇ ಶುರು. "ಸತ್ತಿದ್ದೀನೋ ಬದುಕಿದ್ದೀನೋ ಅಂತ ಇವತ್ತು ನೆನಪಾಯ್ತೇನೋ?"

ರಾಯರ ಬೆನ್ನು ತಾನಾಗಿ ನೆಟ್ಟಗಾಯಿತು. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

"ಏನಂದೆ?"

"ಅಂದ್ರೆ... ಮಂಡಿನೋವು ಹೇಗಿದೆಯಮ್ಮಾ?"

ಮಂಡಿಯ ಕಥೆ ಮುಗಿಯಿತು, ತಂಗಿಯ ಕಥೆ ಮುಗಿಯಿತು. ಹತ್ತು ನಿಮಿಷ ಇನ್ನೂ ಆಗಿರಲಿಲ್ಲ. ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ರಾಯರು, ಆಫೀಸಿನಲ್ಲಿ ಪ್ರತಿ ಕರೆಯ ಕೊನೆಗೂ ಕೇಳುವ ಪ್ರಶ್ನೆಯನ್ನು ರೂಢಿಯಂತೆ ಕೇಳಿಬಿಟ್ಟರು: "ಬೇರೇನಾದರೂ ತೊಂದರೆ ಇದೆಯೇ?" (ಗಿರಾಕಿಗಳು "ಇಲ್ಲ" ಎಂದು ಫೋನ್ ಇಡುತ್ತಾರೆ.)

ಅತ್ತ ಕಡೆ ಮೂಗೊರೆಸಿಕೊಂಡ ಸದ್ದು. "ಹೊಟ್ಟೇಲಿ ಹುಟ್ಟಿದ ಮಗ ಒಂದಿನಾನೂ ಹೀಗೆ ಕೇಳಿರಲಿಲ್ಲ ಕಣೋ. ಇದೆ ಮಗಾ, ಬೇಕಾದಷ್ಟಿದೆ!"

ಹೊಸ ಮದುವೆಯಲ್ಲಿ ತಾಯಿಗೆ ಅವರತ್ತೆ ಆಡಿದ ಚುಚ್ಚುಮಾತಿನಿಂದ ಹಿಡಿದು ಮೊನ್ನೆ ಸೋರಿದ ನಲ್ಲಿಯವರೆಗೆ ತೊಂದರೆಗಳು ಸಾಲುಗಟ್ಟಿ ಬಂದವು. ಫೋನ್ ಇಡೋಣವೆಂದರೆ ರಾಯರಿಗೆ ಕೈ ಬಾರದು. ಗಿರಾಕಿಗಿಂತ ಮೊದಲು ಫೋನಿಟ್ಟರೆ ಕೆಲಸಕ್ಕೇ ಸಂಚಕಾರ ಎಂಬ ಪಾಠ ರಕ್ತಕ್ಕಿಳಿದಿತ್ತು. ನಡುವೆ ತಾಯಿ ಅತ್ತಾಗ ಅವರಿಗೆ ಆಫೀಸಿನ ಒಂದು ವಾಕ್ಯವೂ ಒದಗಲಿಲ್ಲ. "ಅಯ್ಯೋ ಅಮ್ಮಾ" ಎಂದಷ್ಟೇ ಅಂದರು.

ಸಂಜೆ ಹೆಂಡತಿ ಆಕಳಿಸುತ್ತ ಎದ್ದು ಬಂದಾಗ ರಾಯರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬೆವತು ಗೋಡೆಗೊರಗಿದ್ದರು. ಮುಂದಿನ ವಾರದಿಂದ ನೀನೇ ಮಾಡು ತಾಯೀ ಎಂದು ಅವಳಿಗೆ ಸನ್ನೆಯಲ್ಲೇ ಕೈಮುಗಿಯುತ್ತಿದ್ದಂತೆ, ಕಿವಿಯಲ್ಲಿ ತಾಯಿಯ ದನಿ ಹಗುರಾಗಿ ಕೇಳಿತು:

"ಇನ್ಮೇಲೆ ದಿನಾ ನಿಂಗೇ ಮಾಡ್ತೀನಿ ಕಣೋ. ನಿಮ್ಮ ದೊಡ್ಡಪ್ಪಂಗೂ ನಿನ್ನ ನಂಬರೇ ಕೊಡ್ತೀನಿ. ಸೊಸೆ ಪಾಪ, ದುಡಿದು ಬಂದಿರ್ತಾಳೆ. ನೀನೋ ದಿನವಿಡೀ ಕೂತು ಮಾತಾಡೋನು, ನಿಂಗೇನು ಕಷ್ಟ?"

ರಾಯರ ಬಾಯಿ ಅವರನ್ನು ಕೇಳದೆಯೇ ಉತ್ತರಿಸಿತು: "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು."