ಠೇವಣಿಯಲ್ಲಿಟ್ಟ ಸಮುದ್ರ

ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಬಡ್ಡಿ ಮಹಾರಾಯರು ಮಾತು ಕೊಟ್ಟದ್ದು ಮದುವೆಯಾದ ಹೊಸತರಲ್ಲಿ. ಆಗ ಬಡ್ಡಿ ದರ ಏರುತ್ತಿತ್ತು, ಹಣ ಬ್ಯಾಂಕಿನಲ್ಲೇ ಬೆಳೆಯಲಿ ಎಂದರು. ಆಮೇಲೆ ದರ ಇಳಿಯಿತು, ಇದು ಖರ್ಚು ಮಾಡುವ ಕಾಲವಲ್ಲ ಎಂದರು. ಮಧ್ಯೆ ಕೆಲವು ವರ್ಷ ದರ ಏರಲೂ ಇಲ್ಲ, ಇಳಿಯಲೂ ಇಲ್ಲ. ಆಗ ಕಾದು ನೋಡೋಣ ಎಂದರು. ಆಕೆ ಕಾದಳು, ನೋಡಲು ಮಾತ್ರ ಏನೂ ಸಿಗಲಿಲ್ಲ.

ಬಡ್ಡಿ ಮಹಾರಾಯ ಎನ್ನುವುದು ಸಹೋದ್ಯೋಗಿಗಳು ಪ್ರೀತಿಯಿಂದ ಇಟ್ಟ ಬಿರುದು. (ಪ್ರೀತಿಯಿಂದ ಎಂಬುದು ಅವರ ನಂಬಿಕೆ.) ಅವರು ಕೂರುವುದು ಬ್ಯಾಂಕಿನ ಠೇವಣಿ ಕೌಂಟರಿನಲ್ಲಿ. ಅವಧಿಗೆ ಮುಂಚೆ ಠೇವಣಿ ಮುರಿಸಲು ಯಾರಾದರೂ ಬಂದರೆ ಕುರ್ಚಿ ಎಳೆದು ಕೂರಿಸಿ, ಕುಡಿಯಲು ನೀರು ಕೊಟ್ಟು, “ಠೇವಣಿ ಅಂದ್ರೆ ಮಲಗಿರೋ ಮಗು ಇದ್ದ ಹಾಗೆ. ಅರ್ಧ ನಿದ್ದೇಲಿ ಎಬ್ಬಿಸಬೇಡಿ” ಎಂದು ಶುರು ಮಾಡಿ ಅಖಂಡ ಪ್ರವಚನ ನೀಡುತ್ತಾರೆ. ಹೆಚ್ಚಿನವರು ಮುರಿಸದೆಯೇ ಹಿಂತಿರುಗುತ್ತಾರೆ. ಕೆಲವರು ಮತ್ತೆ ಆ ಬ್ಯಾಂಕಿನ ಕಡೆಗೇ ತಿರುಗುವುದಿಲ್ಲ.

ಮನೆಯಲ್ಲೂ ಪ್ರವಚನ ತಪ್ಪಿದ್ದಲ್ಲ. ಬೆಳಿಗ್ಗೆ ಪೇಪರ್ ಹಿಡಿದು, “ನೋಡು, ಹಣದುಬ್ಬರ ಬರೀ ಐದು ಪರ್ಸೆಂಟ್ ಅಂತೆ” ಎಂದರೆ, ಕೂಲಿಗೆ ನೆರೆಯವರ ಬಟ್ಟೆ ಹೊಲಿದುಕೊಡುವ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಆ ಐದು ಪರ್ಸೆಂಟಿನ ಟೊಮೆಟೊ ಯಾವ ಅಂಗಡೀಲಿದೆ ಹೇಳಿ, ಚೀಲ ತಗೊಂಡು ಹೋಗ್ತೀನಿ” ಎನ್ನುವಳು. ಅರ್ಥಶಾಸ್ತ್ರಕ್ಕೂ ಅಡುಗೆಮನೆಗೂ ಹಳೆಯ ವೈಮನಸ್ಯ.

ಈ ವರ್ಷ ಮಾತ್ರ ಆಕೆ ಹಟ ಹಿಡಿದಳು. ಮಹಾರಾಯರ ತಾಯಿಯೂ ಸೊಸೆಯ ಪಕ್ಷ ಸೇರಿದರು. ಎರಡು ಕಡೆಯಿಂದ ಮುತ್ತಿಗೆ ಬಿದ್ದ ಮೇಲೆ ಮಹಾರಾಯರು ಸೋತು ಒಪ್ಪಿದರು. ದಿನ ಗೊತ್ತಾಯಿತು, ಹಣ ಕೂಡಿತು. ಅಷ್ಟರಲ್ಲಿ ಬ್ಯಾಂಕಿಗೆ ಸುತ್ತೋಲೆ ಬಂತು: ನಾಳೆಯಿಂದ ಠೇವಣಿ ದರ ಇಳಿಕೆ.

ಆ ಸಂಜೆ ಮಹಾರಾಯರು ಯುದ್ಧ ಗೆದ್ದವರ ಹಾಗೆ ಮನೆಗೆ ಬಂದರು. “ಕೇಳಿದ್ರಾ? ಹಳೇ ದರಕ್ಕೆ ಇವತ್ತೇ ಕೊನೆ. ಪ್ರವಾಸದ ದುಡ್ಡು ಪೂರ್ತಿ ಮೂರು ವರ್ಷಕ್ಕೆ ಹಾಕಿಬಿಟ್ಟೆ!”

ಹೊಲಿಗೆ ಯಂತ್ರ ನಿಂತಿತು.

“ಮೂರು ವರ್ಷಕ್ಕೆ ನಂಗೆ ಎಪ್ಪತ್ತೆಂಟು ಕಣೋ” ಎಂದರು ತಾಯಿ. “ಆಮೇಲೆ ಸಮುದ್ರವೇ ನನ್ನ ನೋಡೋಕೆ ಬರುತ್ತಾ?”

“ಅಮ್ಮಾ, ಬಂದ ಬಡ್ಡೀಲಿ ವಾಪಸ್ ಟಿಕೆಟ್ ಫ್ರೀ ಆಗುತ್ತೆ!”

“ಹೋಗೋದೇ ಇಲ್ಲ ಅಂದ್ಮೇಲೆ ವಾಪಸ್ ಬರೋದು ಎಲ್ಲಿಂದ?” ಎಂದಳು ಹೆಂಡತಿ. ಯಂತ್ರ ಮತ್ತೆ ಹೊರಟಿತು. ಜಗಳ ಇಷ್ಟಕ್ಕೇ ಮುಗಿದದ್ದು ಕಂಡು ಮಹಾರಾಯರಿಗೆ ಆನಂದವಾಯಿತು. ಅಲ್ಲೇ ಅವರು ಎಡವಿದ್ದು.

ತಿಂಗಳು ಕಳೆದು ಒಂದು ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸೊಸೆ ಇಬ್ಬರೂ ಸೂಟ್‌ಕೇಸ್ ಸಮೇತ ಬಾಗಿಲಲ್ಲಿ ನಿಂತಿದ್ದಾರೆ.

“ಎಲ್ಲಿಗೆ?”

“ಸಮುದ್ರಕ್ಕೆ.”

“ದುಡ್ಡು?”

“ಹೊಲಿಗೆ ರೇಟು ಏರಿಸಿದೆ. ಯಾಕೆ ಅಂದೋರಿಗೆ ನಿಮ್ಮ ಹಣದುಬ್ಬರದ ಪಾಠ ಶುರು ಮಾಡ್ತಿದ್ದೆ. ಮುಗಿಯೋ ಮುಂಚೆನೇ ಕೊಟ್ಟು ಹೋಗ್ತಿದ್ರು.”

“ಮತ್ತೆ ನಾನು?”

“ನಿಮ್ಮ ಮಗು ಮಲಗಿದೆಯಲ್ಲ, ನೋಡ್ಕೊಳ್ಳೋಕೆ ಯಾರಾದ್ರೂ ಬೇಡ್ವಾ?” ಎಂದು ಹೇಳಿ ಆಕೆ ಆಟೋ ಹತ್ತಿದಳು.

ಮೊದಲ ದಿನ ಮಹಾರಾಯರು ಸ್ವಾಭಿಮಾನ ತಿಂದುಕೊಂಡಿದ್ದರು. ಎರಡನೆಯ ದಿನ ಅದು ಸಾಲದೆ ಹೋಟೆಲಿಗೆ ಹೋದರು. ಗೋಡೆಯ ಮೇಲಿನ ದರಪಟ್ಟಿ ಓದಿದರು. ಐದು ಪರ್ಸೆಂಟ್ ಅಲ್ಲೂ ಸಿಗುತ್ತಿರಲಿಲ್ಲ. ಮನೆಗೆ ಬಂದು ಪೇಪರ್ ಬಿಡಿಸಿ, “ನೋಡು...” ಎಂದು ಬಾಯಿ ತೆರೆದರು. ಉತ್ತರ ಕೊಡಲು ಯಾರೂ ಇರಲಿಲ್ಲ. ಎದುರುತ್ತರವಿಲ್ಲದ ಪ್ರವಚನ ಇಷ್ಟು ಸಪ್ಪೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಸಂಜೆ ತಾಯಿಯ ಫೋನ್ ಬಂತು. “ಕೇಳಿಸ್ತೇನೋ? ಅಲೆ! ಕಾಲ ಕೆಳಗಿನ ಮರಳೇ ಜಾರುತ್ತೆ ಕಣೋ!” ಎಂದರು. ಕೇಳದಿದ್ದರೂ ಊರಿನ, ವಸತಿಗೃಹದ ಹೆಸರನ್ನೂ ಹೇಳಿದರು. ಅವರ ಹಿಂದೆ ಹೆಂಡತಿ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಗುವ ಆ ನಗುವನ್ನು ಮಹಾರಾಯರು ಕೇಳಿ ಎಷ್ಟೋ ವರ್ಷವಾಗಿತ್ತು. ಅಷ್ಟೂ ವರ್ಷ ಆ ನಗುವನ್ನೂ ಠೇವಣಿಯಲ್ಲಿಟ್ಟಿದ್ದೆನೇ ಎಂದು ಅವರಿಗೆ ದುಃಖವಾಯಿತು. ಸಮುದ್ರದ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಸೋಮವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ಮೊದಲು ರಜೆ ಚೀಟಿ ಕೊಟ್ಟರು. ಸ್ವಂತ ಠೇವಣಿಯನ್ನು ಸ್ವಂತ ಕೈಯಿಂದ ಮುರಿಯುವಂತಿಲ್ಲ ಎಂಬುದು ನಿಯಮ. ಹಾಗಾಗಿ ಪಕ್ಕದ ಕೌಂಟರಿನ ಸಹೋದ್ಯೋಗಿಯ ಮುಂದೆ ಕಳ್ಳನ ಹಾಗೆ ನಿಂತು, “ಒಂದು ಠೇವಣಿ ಮುರಿಸಬೇಕಿತ್ತಮ್ಮ” ಎಂದು ಪಿಸುಗುಟ್ಟಿದರು.

ಆಕೆ ಕುರ್ಚಿ ಎಳೆದು ಹಾಕಿದಳು. ನೀರಿನ ಲೋಟ ಮುಂದಿಟ್ಟಳು. ಹತ್ತು ವರ್ಷ ಪಕ್ಕದಲ್ಲೇ ಕೂತು ಕೇಳಿದವಳು. ಗಂಟಲು ಸರಿಪಡಿಸಿಕೊಂಡು ಶುರು ಮಾಡಿದಳು: “ಠೇವಣಿ ಅಂದ್ರೆ ಮಲಗಿರೋ ಮಗು ಇದ್ದ ಹಾಗೆ ಸಾರ್...”

ಕ್ಯಾಷ್ ಕೌಂಟರಿನವರು ನೋಟು ಎಣಿಸುವುದನ್ನು ಬಿಟ್ಟು ಕೇಳುತ್ತಿದ್ದರು. ಮ್ಯಾನೇಜರ್ ಕೂಡ ಬಾಗಿಲಿಗೆ ಬಂದು ನಿಂತರು.

“ಮಗು ಎದ್ದುಬಿಟ್ಟಿದೆಯಮ್ಮ, ಅಳ್ತಾ ಇದೆ!” ಎಂದು ಮಹಾರಾಯರು ಕೈಮುಗಿದರು. ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ದಂಡ ಕಡಿತವಾಗಿ ಹಣ ಕೈಗೆ ಬಂತು. ಸಿಕ್ಕ ಬಸ್ಸು ಹತ್ತಿ ಅವರು ಮಧ್ಯಾಹ್ನಕ್ಕೆಲ್ಲ ಸಮುದ್ರದ ಊರು ಸೇರಿದರು.

ವಸತಿಗೃಹದ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಶನಿವಾರ ಬಂದ ಅತ್ತೆ ಸೊಸೆ...” ಎಂದು ಮಹಾರಾಯರು ತೊದಲಿದರು.

“ಓಹೋ! ಬಾಕಿ ಅಂದ್ರೆ ನೀವೇನಾ?”

“ಬಾಕೀನಾ?”

“ಮೂರು ಮಂಚದ ರೂಮು ಸಾರ್, ಒಂದು ವಾರಕ್ಕೆ. ಅವರು ಎರಡು ದಿನದ್ದು ಮಾತ್ರ ಕೊಟ್ಟಿದ್ದಾರೆ. ಬಾಕಿ ಸೋಮವಾರ ಸಂಜೆ ಬಸ್ಸಿಗೆ ತಾನಾಗೇ ಬರುತ್ತೆ ಅಂದ್ರು.” ಗುಮಾಸ್ತ ಗಡಿಯಾರ ನೋಡಿ ಮೆಚ್ಚಿಗೆಯಿಂದ ತಲೆದೂಗಿದ. “ನೀವು ಒಂದು ಬಸ್ಸು ಮುಂಚೆನೇ ಬಂದ್ರಿ.”

ಮಹಾರಾಯರು ಚೌಕಾಸಿ ಮಾಡಲಿಲ್ಲ, ರಸೀದಿಯನ್ನೂ ಕೇಳಲಿಲ್ಲ. ಪೂರ್ತಿ ಹಣ ಕೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ನಗು ಕೇಳಿಸುತ್ತಿದ್ದ ಕಡೆಗೆ ಓಡಿದರು.