ವೈನಿಯ ತರಗತಿಗೆ ಹೋದ ನಮ್ಮ ಫೋನುಗಳು

ಫೋನಿದ್ದೂ ಯಾರ ಕೈಗೂ ಸಿಗದ ಮನೆಯೊಂದು ಇಳಕಲ್ಲಿನಲ್ಲಿದ್ದರೆ ಅದು ನಮ್ಮದೇ! ಕಾರಣ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಅವರು ಬೆಳಿಗ್ಗೆ ಹೊರಟರೆಂದರೆ ನಮ್ಮೆಲ್ಲರ ಫೋನುಗಳೂ ಅವರ ಚೀಲದಲ್ಲಿ.

ಅವರ ತರಗತಿಯಲ್ಲಿ ನೇಕಾರರ ಮಕ್ಕಳಿದ್ದಾರೆ, ಗ್ರಾನೈಟ್ ಪಾಲಿಶ್ ಮಾಡಲು ಎಲ್ಲೆಲ್ಲಿಂದಲೋ ಬಂದವರ ಮಕ್ಕಳೂ ಇದ್ದಾರೆ. ಒಬ್ಬ ಪುಸ್ತಕವನ್ನೇ ನುಂಗುತ್ತಾನೆ, ಇನ್ನೊಬ್ಬನಿಗೆ ಅ ಆ ಬಾರದು. ಎಲ್ಲರಿಗೂ ಒಂದೇ ಪಾಠ ಸಾಕೇ? ಹಾಗಾಗಿ ಅದೇ ಪಾಠ ಒಂದು ಫೋನಿನಲ್ಲಿ ಚಿತ್ರ, ಇನ್ನೊಂದರಲ್ಲಿ ಆಟ, ಮತ್ತೊಂದರಲ್ಲಿ ನಿಧಾನವಾದ ದನಿ. ದನಿ ಕೊಡಲು ನಾವಿದ್ದೇವಲ್ಲ! ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿರುವ ಅಣ್ಣ ಊಟಕ್ಕೆ ಕೂತಲ್ಲೇ ಎಮ್ಮೆಯಂತೆ ಕೂಗಬೇಕಾಯಿತು.

"ಇನ್ನೂ ಸ್ವಲ್ಪ ಖರೆ ಎಮ್ಮಿಗತೆ ಬರಲ್ರಿ," ಎಂದರು ವೈನಿ.

"ಇದಕ್ಕಿಂತ ಖರೆ ಎಮ್ಮಿ ಬೇಕಂದ್ರ ಹಿತ್ತಲಕ್ಕ ಹೋಗು!"

ಆಮೇಲೆ, ಮಾತಾಡಿದ್ದನ್ನು ತಾನೇ ಬರೆಯುವ ಆ್ಯಪ್ ಬಂತು. "ಮನಿಗೆ ಹೋಗ್ತೇನಿ" ಎಂದರೆ ಅದು "ಮಣಿಗೆ ಹೊತ್ತೇನೆ" ಎಂದು ಬರೆಯಿತು. ವೈನಿ ಫೋನಿನ ಮೇಲೆ ರೇಗಿದರು: "ಎಷ್ಟು ಸಲ ಹೇಳಿದ್ರೂ ತಿಳಿಯೂದಿಲ್ಲೇನ್ ನಿನಗ?"

ಒಳಗಿನಿಂದ ಅಣ್ಣ ಗಾಬರಿಯಾಗಿ, "ನಾ ಏನ್ ಮಾಡೇನಿ?" ಎಂದ.

ಬರಬರುತ್ತಾ ನಗುವುದೂ ಕಷ್ಟವಾಯಿತು. ಕರೆಂಟಿದ್ದರೆ ನೆಟ್‌ವರ್ಕಿಲ್ಲ, ನೆಟ್‌ವರ್ಕಿದ್ದರೆ ಚಾರ್ಜಿಲ್ಲ. "ಬೋರ್ಡಿನ ಮ್ಯಾಲೆ ಬರದು ಮುಗಸ್ರಿ ಬಾಯಾರ, ಯಾಕ ಜೀವಾ ತೇಯ್ತೀರಿ?" ಎಂದರು ಹೆಡ್‌ಮಾಸ್ತರರು. ಎಲ್ಲಕ್ಕಿಂತ ಹೆಚ್ಚಾಗಿ ವೈನಿಯನ್ನು ಸೋಲಿಸಿದ್ದು ಒಡಿಶಾದ ಒಬ್ಬ ಹುಡುಗಿ. ಚಿತ್ರ ತೋರಿಸಿದರೂ, ಆಟ ಆಡಿಸಿದರೂ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಫೋನಿನಿಂದ ಒಡಿಯಾದಲ್ಲೇ "ನಿನಗೇನು ಬೇಕು?" ಎಂದು ಕೇಳಿಸಿದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅಂದು ಮನೆಯಲ್ಲಿ ವೈನಿ ಊಟ ಮಾಡಲಿಲ್ಲ. "ನನಗ ಕಲಸಾಕ ಬರೂದಿಲ್ಲ ಬಿಡ್ರಿ," ಎಂದರು.

ಕೆಲವೇ ದಿನಗಳಲ್ಲಿ, ಆ ಹುಡುಗಿಯ ಮನೆಯವರು ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರೆಂದು ಗೊತ್ತಾಯಿತು. ವೈನಿಯನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಕರೆದೊಯ್ದೆ. ಗಂಟುಮೂಟೆಗಳ ನಡುವೆ ಹುಡುಗಿ ಕೂತಿದ್ದಳು. ವೈನಿ ಫೋನು ತೆಗೆದರು. ಏನು ಹೇಳಿಸಬೇಕೋ ತೋಚದೆ ಮತ್ತೆ ಚೀಲಕ್ಕೆ ಹಾಕಿದರು. ಪಕ್ಕದಲ್ಲಿ ಕೂತು, ಕೆದರಿದ ಅವಳ ಕೂದಲನ್ನು ಬೆರಳಿನಿಂದಲೇ ಬಿಡಿಸಿ ಹೆಣೆಯತೊಡಗಿದರು.

ಹುಡುಗಿ ಮಾತಾಡಿದಳು! ತನ್ನ ಭಾಷೆಯಲ್ಲಿ, ಕೈ ತಿರುಗಿಸುತ್ತಾ, ನಿಲ್ಲಿಸದೆ. ವೈನಿ "ಹೌದವ್ವಾ... ಹೌದಾ?" ಎನ್ನುತ್ತಲೇ ಇದ್ದರು. ಬಸ್ಸು ಬಂತು, ಹತ್ತಿಸಿದರು.

"ಏನಂದಳ್ರಿ ವೈನಿ?"

"ಒಂದೂ ತಿಳೀಲಿಲ್ಲಪಾ," ಸೆರಗಿನಿಂದ ಕಣ್ಣೊರೆಸಿಕೊಂಡರು. "ಆದ್ರ ಎಷ್ಟ್ ಚಂದ ಮಾತಾಡ್ತಾಳ, ನೋಡಿದ್ಯಾ?"